ದೊಡ್ಡ ಪರದೆ ಬೇಡ ಎಂದ ಪ್ರೋಗ್ರಾಮರ್

ಮೈಸೂರಿನಲ್ಲಿ ಕುಳಿತು ಸಹಕಾರ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶ ಬರೆದುಕೊಡುವ ಒಂಬತ್ತು ಜನರ ಕಚೇರಿ ನಮ್ಮದು. ಸಾಲ, ಠೇವಣಿ, ಷೇರುಧನ, ಬಡ್ಡಿ, ಮಾರ್ಚ್ ಕೊನೆಯ ಅಢಾವೆ ಪತ್ರಿಕೆ, ನಮ್ಮ ಲೋಕ ಇಷ್ಟೇ. ಕೋಡ್ ಬರೆಯುವವರು ಐದು ಜನ. ಬಳಕೆದಾರರ ಕೈಪಿಡಿ ಮತ್ತು ಕಚೇರಿಯ ಒಳಗಿನ ತಾಂತ್ರಿಕ ದಾಖಲೆಗಳ ಹೊಣೆ ನನ್ನದು. ಈ ಬರಹ ಆ ಐವರ ಪೈಕಿ ಒಬ್ಬರ ಕುರಿತು, ಅದಕ್ಕಿಂತ ಹೆಚ್ಚಾಗಿ ನನ್ನ ತಪ್ಪುಗಳ ಕುರಿತು. ಆಕೆ ಇದನ್ನು ಓದಿ ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಎಂದಿದ್ದಾರೆ.

ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳು ಆಕೆಯ ಮೇಲೆ ಕಚೇರಿಯಲ್ಲಿ ಇದ್ದ ದೂರು ಒಂದೇ: ಸಂಜೆ ಐದೂವರೆ ಆಯಿತೆಂದರೆ ಕುರ್ಚಿ ಖಾಲಿ. ಡಿಸೆಂಬರಿನಲ್ಲಿ ಐದಕ್ಕೇ. ಕೆಲಸ ಉಳಿಸಿ ಹೋದವರಲ್ಲ, ಆದರೆ ಗಡಿಯಾರ ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ. ಕೋಡ್ ಪರಿಶೀಲನೆಯಲ್ಲೂ ಒಂದು ವಿಚಿತ್ರವಿತ್ತು. ತರ್ಕದ ದೋಷವನ್ನು ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದವರು ಪರದೆಯ ಬಲ ಮೂಲೆಯಲ್ಲಿ ಕೆಂಪಗೆ ಮೂಡುವ ಎಚ್ಚರಿಕೆಯನ್ನು ಗಮನಿಸುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ಸಭೆ ಮುಗಿಸಿ ಹೊರಬರುವಾಗ ಬಾಗಿಲ ಪಕ್ಕ ಇಟ್ಟಿದ್ದ ನೀರಿನ ಕ್ಯಾನಿಗೆ ಎಡವಿ ಬಿದ್ದರು. ಮೊಣಕೈಗೆ ಐಸ್ ಒತ್ತಿಕೊಂಡೇ ವ್ಯವಸ್ಥಾಪಕರಿಗೆ ಹೇಳಿದರು: "ಸರ್, ನನಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಸ್ವಲ್ಪವೇ ಕಾಣುತ್ತದೆ."

ಕಾಯಿಲೆಯ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳು ಮೊದಲು ಸಾಯುತ್ತವೆ, ಆದ್ದರಿಂದ ಆರಂಭ ಇರುಳುಗುರುಡಿನಿಂದ. ಆಮೇಲೆ ಅಂಚಿನ ನೋಟ ಹೋಗುತ್ತಾ ಬಂದು ಕೊನೆಗೆ ಕೊಳವೆಯೊಳಗಿಂದ ನೋಡಿದಂತೆ ನಡುವಿನ ಒಂದಿಷ್ಟು ಉಳಿಯುತ್ತದೆ. ವಂಶವಾಹಿಯ ದೋಷದಿಂದ ಬರುವ ಈ ಕಾಯಿಲೆ ಸುಮಾರು 4,000 ಜನರಲ್ಲಿ ಒಬ್ಬರಿಗೆ ಇರುತ್ತದೆ ಎಂಬುದು ರೂಢಿಯ ಲೆಕ್ಕ. ಇರುಳುಗುರುಡು ಎಂದೊಡನೆ ಗಜ್ಜರಿ ತಿನ್ನಿ ಎಂದು ಸಲಹೆ ಕೊಡದ ನೆಂಟರಿಲ್ಲವಂತೆ. ವಿಟಮಿನ್ ಎ ಕೊರತೆಯ ಇರುಳುಗುರುಡು ಬೇರೆ, ಇದು ಬೇರೆ ಎಂದು ವಿವರಿಸಿ ಸಾಕಾಗಿ, ಈಗ ತಲೆಯಾಡಿಸಿ ಸುಮ್ಮನಾಗುತ್ತಾರೆ.

ವಿಷಯ ತಿಳಿದ ವಾರದಲ್ಲೇ ನಾವು ಸಹಾಯಕ್ಕೆ ಇಳಿದೆವು, ಒಂದು ಮಾತನ್ನೂ ಕೇಳದೆ. 32 ಇಂಚಿನ ಮಾನಿಟರ್ ಬಂತು. ಅಕ್ಷರದ ಗಾತ್ರ ಎರಡು ಪಟ್ಟಾಯಿತು. "ಬೆಳಕು ಚೆನ್ನಾಗಿರಲಿ" ಎಂದು ಆಕೆಯ ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಿದೆವು. ಆಕೆ ಧನ್ಯವಾದ ಹೇಳಿದರು. ಹದಿನೈದು ದಿನಕ್ಕೆ ತಲೆನೋವು ಶುರುವಾಯಿತು.

ಎಲ್ಲಿ ತಪ್ಪಿದೆವು ಎಂಬುದಕ್ಕೆ ಶಾಲೆಯ ತ್ರಿಕೋನಮಿತಿ ಸಾಕು. ಆಕೆಗೆ ಉಳಿದಿರುವ ದೃಷ್ಟಿಕ್ಷೇತ್ರ ಸುಮಾರು 15 ಡಿಗ್ರಿ. ಪರದೆಯಿಂದ 60 ಸೆಂಟಿಮೀಟರ್ ದೂರ ಕುಳಿತರೆ ಒಮ್ಮೆಗೆ ಕಾಣುವುದು 16 ಸೆಂಟಿಮೀಟರ್ ಅಗಲದ ತುಂಡು. ಪರದೆ ಎಷ್ಟೇ ದೊಡ್ಡದಾದರೂ ಆ 16 ಸೆಂಟಿಮೀಟರ್ ಹಿಗ್ಗುವುದಿಲ್ಲ. ಮೊದಲು ಅದರೊಳಗೆ ಕೋಡಿನ ಒಂದು ಸಾಲಿನ ಸುಮಾರು 70 ಅಕ್ಷರ ಹಿಡಿಯುತ್ತಿತ್ತು, ಅಂದರೆ ಹೆಚ್ಚುಕಡಿಮೆ ಇಡೀ ಸಾಲು. ಅಕ್ಷರವನ್ನು ಎರಡು ಪಟ್ಟು ಮಾಡಿದ ಮೇಲೆ 35. ಪ್ರತಿ ಸಾಲನ್ನೂ ಅರ್ಧಕ್ಕೆ ಕತ್ತರಿಸಿ ನಾವೇ ಕೈಗೆ ಕೊಟ್ಟಂತಾಯಿತು. ಉಳಿದ ಪರದೆಯ ಮೇಲೆಲ್ಲ ಕರ್ಸರ್ ಎಲ್ಲಿದೆ ಎಂದು ಹುಡುಕಾಟ. ಕಿಟಕಿಯ ಬೆಳಕು ಇನ್ನೊಂದು ಹಿಂಸೆ, ಏಕೆಂದರೆ ಈ ಕಾಯಿಲೆಯಲ್ಲಿ ಪ್ರಖರ ಬೆಳಕು ಕಣ್ಣು ಕುಕ್ಕುತ್ತದೆ. ನಡುವಿನ ನೋಟ ಹೋಗಿ ಅಂಚಿನದು ಉಳಿಯುವ ಮ್ಯಾಕ್ಯುಲಾದ ಕಾಯಿಲೆಯವರಿಗೆ ದೊಡ್ಡ ಅಕ್ಷರ ವರವಾಗುತ್ತದೆ. ನಮ್ಮ ತಲೆಯಲ್ಲಿ "ಕಣ್ಣು ಮಂದ" ಎಂಬ ಒಂದೇ ಚಿತ್ರವಿತ್ತು, ಅದು ನನ್ನ ಅಜ್ಜನ ಪೊರೆ ಬಂದ ಕಣ್ಣಿನದು.

ಕಾನೂನಿಗೆ ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ಗೊತ್ತಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮಂದದೃಷ್ಟಿಯನ್ನು ಎರಡು ಬಗೆಯಲ್ಲಿ ಅಳೆಯುತ್ತದೆ: ಓದುವ ಫಲಕದ ಮುಂದೆ ಕಣ್ಣಿನ ಚುರುಕು ಎಷ್ಟು ಎಂಬುದು ಒಂದು, ದೃಷ್ಟಿಕ್ಷೇತ್ರದ ಅಗಲ ಎಷ್ಟು ಎಂಬುದು ಇನ್ನೊಂದು. ಕ್ಷೇತ್ರ 40 ಡಿಗ್ರಿಗಿಂತ ಕಿರಿದಾದರೆ ಮಂದದೃಷ್ಟಿ, 10ಕ್ಕಿಂತ ಕೆಳಗೆ ಇಳಿದರೆ ಅಂಧತ್ವ. ಫಲಕದ ಮೇಲಿನ ಸಣ್ಣ ಅಕ್ಷರವನ್ನು ಓದುವವರೂ ನೀರಿನ ಕ್ಯಾನಿಗೆ ಎಡವಬಹುದು.

ದೊಡ್ಡ ಮಾನಿಟರ್ ಲೆಕ್ಕಿಗರ ಮೇಜಿಗೆ ಹೋಯಿತು. ಕಿಟಕಿಯಿಂದ ದೂರದ ಮೂಲೆ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ, ಹಳೆಯ ಗಾತ್ರ. ಇಷ್ಟಕ್ಕೇ ತಲೆನೋವು ಇಳಿಯಿತು.

ಪಕ್ಕದಲ್ಲಿ ಕುಳಿತ ಅರ್ಧ ದಿನ

ಆಮೇಲೆ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಒಂದು ಬೆಳಗ್ಗೆ ಕುರ್ಚಿ ಎಳೆದುಕೊಂಡು ಆಕೆಯ ಪಕ್ಕ ಕುಳಿತು, ಬಾಯಿ ಮುಚ್ಚಿಕೊಂಡು, ಆಕೆ ಕೆಲಸ ಮಾಡುವುದನ್ನು ನೋಡಿದೆ.

ಮಧ್ಯಾಹ್ನದವರೆಗೆ ಕಣ್ಣಿನಿಂದ ಓದುತ್ತಾರೆ. ಕಣ್ಣು ದಣಿದ ಮೇಲೆ ಕಿವಿಯ ಪಾಳಿ. ಕಿವಿಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಇದನ್ನು ಬರೆಯತೊಡಗಿದರು, ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಬಹುಪಾಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಈ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಆಕೆ ಅದನ್ನು ಎಂಥ ವೇಗದಲ್ಲಿ ಕೇಳುತ್ತಾರೆಂದರೆ, ಮೊದಲ ಹತ್ತು ನಿಮಿಷ ನನಗೆ ಅದು ಕಾದ ಎಣ್ಣೆಗೆ ಸಾಸಿವೆ ಬಿದ್ದ ಸದ್ದಿನಂತಿತ್ತು.

ಕಿವಿಯಿಂದ ಕೋಡ್ ಓದುವುದಕ್ಕೆ ತನ್ನದೇ ವ್ಯಾಕರಣವಿದೆ. ಸಾಮಾನ್ಯ ಓದಿನಲ್ಲಿ ಸ್ಕ್ರೀನ್ ರೀಡರ್ ಅನೇಕ ಚಿಹ್ನೆಗಳನ್ನು ನುಂಗಿಬಿಡುತ್ತದೆ. ಸುದ್ದಿ ಓದುವಾಗ ಆವರಣ ಬೇಕಿಲ್ಲ, ಕೋಡಿನಲ್ಲಿ ಆವರಣವಿಲ್ಲದೆ ಬದುಕಿಲ್ಲ. ಆದ್ದರಿಂದ ಕೋಡ್ ಬರೆಯುವ ಎಡಿಟರ್ ಮುಂದೆ ಬಂದೊಡನೆ ಎಲ್ಲ ಚಿಹ್ನೆಗಳನ್ನೂ ಉಚ್ಚರಿಸುವಂತೆ, ಮಿಂಚಂಚೆಗೆ ಹೋದೊಡನೆ ಸುಮ್ಮನಾಗುವಂತೆ, ಪ್ರತಿ ತಂತ್ರಾಂಶಕ್ಕೂ ಬೇರೆ ಬೇರೆ ಹೊಂದಿಕೆ ಇಟ್ಟುಕೊಂಡಿದ್ದಾರೆ. ಪೈಥಾನಿನಲ್ಲಿ ಸಾಲಿನ ಮೊದಲ ಖಾಲಿ ಜಾಗವೇ ಅರ್ಥ ನಿರ್ಧರಿಸುತ್ತದೆ. ಅದನ್ನು "ಎಂಟು ಸ್ಪೇಸ್, ಹನ್ನೆರಡು ಸ್ಪೇಸ್" ಎಂದು ಹೇಳಿಸಬಹುದು, ಇಲ್ಲವೇ ಸ್ವರದಲ್ಲಿ ಕೇಳಬಹುದು. ಒಳಗೆ ಹೋದಷ್ಟೂ ಸ್ವರ ಏರುತ್ತದೆ. ಆಕೆ ಸ್ವರದವರು. ಒಂದು ಫಂಕ್ಷನ್ ಓದುವಾಗ ಮೇಲೇರಿ, ಮತ್ತೆ ಮೇಲೇರಿ, ಒಮ್ಮೆಲೇ ಷಡ್ಜಕ್ಕೆ ಇಳಿದರೆ ಅಲ್ಲಿಗೆ ಆ ತುಂಡು ಮುಗಿಯಿತು ಎಂದರ್ಥ. ಹಾಗೆ ಕೇಳಿಸಿಕೊಂಡೇ ಒಂದು ಸಾಲು ತಪ್ಪು ಜಾಗದಲ್ಲಿ ಕುಳಿತಿರುವುದನ್ನು ನನ್ನೆದುರೇ ಹಿಡಿದರು.

ಎಡಿಟರಾಗಿ ಬಳಸುವುದು ವಿಎಸ್ ಕೋಡ್. ಅದು ಪರದೆಯ ಮೇಲಿನ ಸಾಲುಗಳನ್ನು ತನ್ನದೇ ರೀತಿಯಲ್ಲಿ ಮೂಡಿಸುತ್ತದೆಯಾದ್ದರಿಂದ ಸ್ಕ್ರೀನ್ ರೀಡರಿಗೆಂದೇ ಬೇರೆ ವ್ಯವಸ್ಥೆ ಬೇಕಾಗುತ್ತದೆ. ರೀಡರ್ ಇರುವುದನ್ನು ಗುರುತಿಸಿ ಅದು ಆ ವ್ಯವಸ್ಥೆಗೆ ಹೊರಳಿಕೊಳ್ಳುತ್ತದೆ. ಎಫ್8 ಒತ್ತಿದರೆ ಮುಂದಿನ ದೋಷದ ಸಾಲಿಗೆ ಜಿಗಿತ. ದೋಷವಿರುವ ಸಾಲಿಗೆ ಕರ್ಸರ್ ಬಂದರೆ ಒಂದು ಸದ್ದು. ನಾವೆಲ್ಲ ಕೆಂಪು ಗೀಟು ನೋಡಿ ತಿಳಿಯುವುದನ್ನು ಆಕೆ ಹೀಗೆ ತಿಳಿಯುತ್ತಾರೆ, ನಮಗಿಂತ ನಿಧಾನವಾಗೇನೂ ಅಲ್ಲ.

ಈ ದಾರಿ ಹೊಸದಲ್ಲ. ಪುಣೆಯಲ್ಲಿ ಹುಟ್ಟಿ, ಹದಿನಾಲ್ಕರ ವಯಸ್ಸಿನಲ್ಲಿ ಗ್ಲಾಕೋಮಾದಿಂದ ಪೂರ್ತಿ ದೃಷ್ಟಿ ಕಳೆದುಕೊಂಡ ಟಿ.ವಿ. ರಾಮನ್, ಮುಂಬೈ ಐಐಟಿಯಲ್ಲಿ ಓದಿ, 1994ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತದ ಬರಹವನ್ನು ಧ್ವನಿಯಲ್ಲಿ ಓದಿಸುವ ಬಗ್ಗೆ ಡಾಕ್ಟರೇಟ್ ಪಡೆದರು. ಅದರ ಮರುವರ್ಷವೇ ಈಮ್ಯಾಕ್ಸ್‌ಪೀಕ್ ಹೊರತಂದರು. ಪರದೆಯ ಮೇಲೆ ಮೂಡಿದ್ದನ್ನು ಹಾಗೇ ಒದರುವ ಬದಲು, ಇದು ಟಿಪ್ಪಣಿ, ಇದು ಕೀಲಿಪದ ಎಂಬ ಅರ್ಥ ತಿಳಿದುಕೊಂಡು ಒಂದೊಂದನ್ನೂ ಬೇರೆ ಬೇರೆ ದನಿಯಲ್ಲಿ ಹೇಳುವಂತೆ ಈಮ್ಯಾಕ್ಸ್ ಎಂಬ ಎಡಿಟರಿಗೆ ಮಾತು ಕೊಟ್ಟ ತಂತ್ರಾಂಶ ಅದು. ನಮ್ಮ ಬಣ್ಣಬಣ್ಣದ ಕೋಡ್ ಅವರಲ್ಲಿ ದನಿದನಿಯ ಕೋಡ್ ಆಯಿತು.

ಆ ಅರ್ಧ ದಿನದ ಕೊನೆಗೆ ನನ್ನ ನೋಟ್‌ಬುಕ್ಕಿನ ಪುಟವನ್ನು ಗೀಟೆಳೆದು ಎರಡು ಮಾಡಿದೆ. ಎಡಕ್ಕೆ ಆಕೆ ತನ್ನ ಯಂತ್ರದಲ್ಲಿ ತಾನೇ ಸರಿಪಡಿಸಿಕೊಳ್ಳಬಲ್ಲವು: ಬಣ್ಣ, ಗಾತ್ರ, ವೇಗ, ಸ್ವರ, ಕೀಲಿಗಳು. ಅಲ್ಲಿ ನಮಗೇನೂ ಕೆಲಸವಿರಲಿಲ್ಲ, ನಾವು ಕೈಹಾಕಿದ್ದೇ ಅಲ್ಲಿ. ಬಲಕ್ಕೆ ಆಕೆ ಎಷ್ಟು ಜಾಣರಾದರೂ ಸರಿಪಡಿಸಲಾಗದವು, ಬರೆದವರೇ ತಿದ್ದಬೇಕಾದವು. ಬಲಗಡೆಯ ಸಾಲು ಪುಟ ಮೀರಿ ಹಿಂಬದಿಗೂ ಹೋಯಿತು.

ಬಾಕಿ ಮತ್ತು ಬಾಕಿ

ಕೋಡಿನಿಂದ ಆರಂಭಿಸುತ್ತೇನೆ. ಸಹಕಾರ ಸಂಘದ ತಂತ್ರಾಂಶವಾದ್ದರಿಂದ ನಮ್ಮ ಚರಗಳ, ಅಂದರೆ ಕೋಡಿನಲ್ಲಿ ಮೊತ್ತಗಳನ್ನು ಹಿಡಿದಿಡುವ ಗೂಡುಗಳ, ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ಜಮಾ, ಖರ್ಚು, ಸಾಲಬಡ್ಡಿ. ಇಂಗ್ಲಿಷ್ ದನಿ ಇವನ್ನು ಓದುವ ರೀತಿ ಕೇಳಿದರೆ ಸಂಘದ ಕಾರ್ಯದರ್ಶಿ ಎದ್ದು ಹೋದಾರು. ಅದಕ್ಕೆ ಆಕೆ ಉಚ್ಚಾರಣೆಯ ಸಣ್ಣ ನಿಘಂಟನ್ನೇ ಕಟ್ಟಿಕೊಂಡಿದ್ದರು, ತಕರಾರಿರಲಿಲ್ಲ. ತಕರಾರು ಬಂದದ್ದು ಒಂದು ವರದಿಯ ಕೋಡ್ ಓದುವಾಗ. "ಸರ್, ಇದು ಯಾವ ಬಾಕಿ?" ಎಂದರು. ಯಾವ ಬಾಕಿ ಎಂದರೇನು, ಬಾಕಿ ಬಾಕಿಯೇ ಎಂದೆ. ಅಕ್ಷರ ಅಕ್ಷರವಾಗಿ ಓದಿಸಿದಾಗ ಬಯಲಾಯಿತು: ಒಂದೇ ಕಡತದಲ್ಲಿ ಎರಡು ಬಾಕಿಗಳಿದ್ದವು, ಒಂದರಲ್ಲಿ ಬಿ ಆದ ಮೇಲೆ ಒಂದು ಎ, ಇನ್ನೊಂದರಲ್ಲಿ ಎರಡು. ಒಂದು ಅಸಲಿನ ಬಾಕಿ, ಇನ್ನೊಂದು ಬಡ್ಡಿ ಸೇರಿದ ಬಾಕಿ. ಬೇರೆ ಬೇರೆ ವರ್ಷ ಬೇರೆ ಬೇರೆಯವರು ಬರೆದವು. ಕಣ್ಣಿದ್ದ ನಾವು ನಾಲ್ವರು ಆ ಕಡತವನ್ನು ಎಷ್ಟೋ ಸಲ ಓದಿದ್ದೆವು. ಕಣ್ಣು ತನಗೆ ಬೇಕಾದ್ದನ್ನು ನೋಡಿಕೊಂಡು ಮುಂದೆ ಹೋಗಿತ್ತು. ಕಿವಿಗೆ ಎರಡೂ ಒಂದೇ ಆಗಿ ಕೇಳಿಸಿದ್ದರಿಂದ ಆಕೆಗೆ ಮಾತ್ರ ಅನುಮಾನ ಬಂತು. ವರದಿಯ ಒಂದು ಅಂಕಣ ತಪ್ಪು ಬಾಕಿಯನ್ನೇ ತೋರಿಸುತ್ತಿತ್ತು.

ಅಂದಿನಿಂದ ನಮ್ಮಲ್ಲಿ ಒಂದು ನಿಯಮವಿದೆ: ಎರಡು ಹೆಸರುಗಳು ಕೇಳಲು ಒಂದೇ ಆಗಿದ್ದರೆ ಒಂದನ್ನು ಬದಲಿಸಬೇಕು. ಪದಗಳನ್ನು ಕೂಡಿಸುವಾಗ ಎರಡನೆಯ ಪದದ ಮೊದಲಕ್ಷರ ದೊಡ್ಡದಾಗಿರಬೇಕು, ಆಗ ದನಿ ಅದನ್ನು ಬಿಡಿಸಿ ಓದುತ್ತದೆ. ಸ್ವರಾಕ್ಷರ ನುಂಗಿದ ಚುಟುಕು ಹೆಸರುಗಳು ಬೇಡ. ಕಡತದ ತಲೆಯ ಮೇಲೆ ಸಮಚಿಹ್ನೆಗಳ ಸಾಲು ಎಳೆದು ಅಲಂಕಾರ ಮಾಡುವ ಚಟ ನನಗಿತ್ತು. "ಎಂಬತ್ತು ಈಕ್ವಲ್ಸ್" ಎಂದು ಪ್ರತಿ ಕಡತದ ಆರಂಭದಲ್ಲಿ ಎರಡೆರಡು ಸಲ ಕೇಳುವುದೆಂದರೆ ಏನೆಂದು ಗೊತ್ತಾದ ಮೇಲೆ ಬಿಟ್ಟೆ.

ಸಾಲಿನ ಮೊದಲ ಖಾಲಿ ಜಾಗಕ್ಕೆ ಸ್ಪೇಸೋ ಟ್ಯಾಬೋ ಎಂಬ ಹಳೆಯ ಜಗಳವೂ ಬಂತು. ಆಕೆಗೆ ಎರಡೂ ಒಂದೇ. ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಪರದೆ ಬಳಸುವವರಿಗೆ ಮಾತ್ರ ಒಂದೇ ಅಲ್ಲ: ಅಕ್ಷರಕ್ಕೊಂದರಂತೆ 40 ಕೋಶ ಇರುವ ಸಾಧನದಲ್ಲಿ ನಾಲ್ಕು ಹಂತ ಒಳಗಿನ ಸಾಲು ಸ್ಪೇಸಿನಲ್ಲಿ ಬರೆದಿದ್ದರೆ 16 ಕೋಶಗಳು ಖಾಲಿ ಜಾಗಕ್ಕೇ ಹೋಗುತ್ತವೆ, ಟ್ಯಾಬಾದರೆ ಪ್ರತಿ ಹಂತವನ್ನು ಒಂದೇ ಕೋಶಕ್ಕೆ ಇಳಿಸಿಕೊಳ್ಳಬಹುದು. ಪೈಥಾನಿನ ರೂಢಿಯೇ ನಾಲ್ಕು ಸ್ಪೇಸ್, ಹಾಗೇ ಬಿಟ್ಟೆವು.

ಕೋಡ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳನ್ನು ಓಡಿಸುವ ನಮ್ಮ ಸ್ವಂತ ಸ್ಕ್ರಿಪ್ಟ್ ಗೆದ್ದ ಪರೀಕ್ಷೆಯ ಹೆಸರನ್ನು ಹಸಿರಿನಲ್ಲೂ ಸೋತದ್ದನ್ನು ಕೆಂಪಿನಲ್ಲೂ ಬರೆಯುತ್ತಿತ್ತು. ಅಷ್ಟೇ, ಪದವಿಲ್ಲ. ದನಿಗೆ ಬಣ್ಣ ಕೇಳಿಸುವುದಿಲ್ಲ. "ಪಾಸ್", "ಫೇಲ್" ಸೇರಿಸಲು ಹತ್ತು ನಿಮಿಷ ಸಾಕಾಯಿತು. ಆಗ ಮೇಜಿನ ಆ ಬದಿಯಿಂದ ಇನ್ನೊಬ್ಬ ಸಹೋದ್ಯೋಗಿ ಮೆಲ್ಲಗೆ ಹೇಳಿದ, ತನಗೂ ಕೆಂಪು ಹಸಿರು ಸರಿಯಾಗಿ ಬೇರೆಯಾಗಿ ಕಾಣುವುದಿಲ್ಲವೆಂದು. ಮೂರು ವರ್ಷದಿಂದ ನಮ್ಮೊಡನೆ ಇದ್ದಾನೆ.

ಚಿತ್ರಗಳಲ್ಲಿ ಹೂತ ಪಠ್ಯ

ದಾಖಲೆ ಪುಟಗಳದ್ದು ನನ್ನದೇ ಪಾಪ. ಸರ್ವರ್ ಹೊಂದಿಸುವ ಮಾರ್ಗದರ್ಶಿಯಲ್ಲಿ 41 ಚಿತ್ರಗಳಿದ್ದವು. ಅವುಗಳಲ್ಲಿ 26 ಬರೀ ಪಠ್ಯದ ಚಿತ್ರಗಳು: ಟರ್ಮಿನಲ್ಲಿನ ಆದೇಶ, ಹೊಂದಿಕೆಯ ಕಡತ, ದೋಷ ಸಂದೇಶ. ನಕಲು ಮಾಡಿ ಅಂಟಿಸುವ ಬದಲು ಪರದೆಯ ಫೋಟೊ ತೆಗೆಯುವುದು ನನಗೆ ಸುಲಭವಾಗಿತ್ತು. ಸ್ಕ್ರೀನ್ ರೀಡರ್ ಅಲ್ಲಿಗೆ ಬಂದು "ಚಿತ್ರ" ಎಂದಷ್ಟೇ ಹೇಳಿ ಮುಂದೆ ಹೋಗುತ್ತಿತ್ತು. ಆಕೆ ಆರು ತಿಂಗಳು ಆ ಆದೇಶಗಳನ್ನು ಒಂದೊಂದೇ ತುಂಡಾಗಿ ಕಣ್ಣಿನಿಂದ ಓದಿ, ಕೈಯಿಂದ ಟೈಪ್ ಮಾಡುತ್ತಿದ್ದರು. ನಿಧಾನ ಎಂಬ ಇನ್ನೊಂದು ಗೊಣಗು ಕಚೇರಿಯಲ್ಲಿ ಇತ್ತಲ್ಲ, ಅದರ ಬೇರು ನನ್ನ ಫೋಟೊಗಳಲ್ಲಿತ್ತು.

26ನ್ನೂ ಪಠ್ಯವಾಗಿ ಬರೆದೆ. ಉಳಿದವಕ್ಕೆ ಚಿತ್ರದ ಬದಲು ದನಿ ಓದುವ ಪರ್ಯಾಯ ವಿವರಣೆ ಬರೆಯಲು ಕುಳಿತೆ. ಹೊಸ ಭಕ್ತನ ಹುಮ್ಮಸ್ಸು, ಠೇವಣಿಯ ಹಣ ಯಾವ ಕೋಷ್ಟಕದಿಂದ ಯಾವುದಕ್ಕೆ ಹರಿಯುತ್ತದೆ ಎಂಬ ಒಂದು ನಕ್ಷೆಗೆ ಹದಿನಾಲ್ಕು ಸಾಲಿನ ವಿವರಣೆ. "ಎಡಭಾಗದಲ್ಲಿ ನೀಲಿ ಆಯತವಿದ್ದು, ಅದರಿಂದ ಹೊರಟ ಬಾಣವು…" ಆಕೆ ಕೇಳಿ ನಕ್ಕುಬಿಟ್ಟರು. ಆಯತ ಯಾವ ಬಣ್ಣದ್ದಾದರೆ ನನಗೇನು ಸರ್, ಯಾವುದು ಯಾವುದಕ್ಕೆ ಹೋಗುತ್ತದೆ ಹೇಳಿ ಸಾಕು ಎಂದರು. ನಕ್ಷೆಯನ್ನು ಮರ್ಮೇಡ್ ಎಂಬ ಭಾಷೆಯಲ್ಲಿ ಮತ್ತೆ ಬರೆದೆ. ಅದರಲ್ಲಿ ನಕ್ಷೆಯ ಮೂಲವೇ ಪಠ್ಯ: ಇಂಥದ್ದರಿಂದ ಇಂಥದ್ದಕ್ಕೆ ಎಂಬ ಸಾಲುಗಳು. ನಾವು ಬಿಡಿಸಿದ ಚಿತ್ರ ನೋಡುತ್ತೇವೆ, ಆಕೆ ಮೂಲದ ಒಂಬತ್ತು ಸಾಲು ಓದುತ್ತಾರೆ.

ಶೀರ್ಷಿಕೆಗಳ ಕಥೆ ಚಿಕ್ಕದು. ನಾನು ಶೀರ್ಷಿಕೆ ಎಂದುಕೊಂಡದ್ದೆಲ್ಲ ದಪ್ಪ ಮಾಡಿದ ಸಾಮಾನ್ಯ ಸಾಲು. ಎನ್‌ವಿಡಿಎಯಲ್ಲಿ ಎಚ್ ಕೀಲಿ ಒತ್ತಿದರೆ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರಬಹುದು. ನನ್ನ ಪುಟದಲ್ಲಿ ಹಾರಲು ಏನೂ ಇರಲಿಲ್ಲ, ಮೇಲಿನಿಂದ ಕೆಳಗೆ ನಡೆದೇ ಹೋಗಬೇಕು. ಕೊಂಡಿಗಳ ಪಟ್ಟಿ ತೆರೆದರೆ "ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಇಲ್ಲಿ ಒತ್ತಿ". ಎರಡನ್ನೂ ತಿದ್ದಿದೆ.

ಬಣ್ಣದ ವಿಷಯದಲ್ಲಿ ಮಾತ್ರ ಅಳತೆಗೋಲು ಸಿಕ್ಕಿತು. ವೆಬ್ ಪುಟಗಳ ಸುಗಮತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1ರ ವ್ಯತ್ಯಾಸ ಬೇಕೆನ್ನುತ್ತದೆ, ಮೇಲಿನ ದರ್ಜೆಗೆ 7:1. ನಮ್ಮ ಪುಟಗಳಲ್ಲಿ ಕೋಡಿನ ಟಿಪ್ಪಣಿಗಳು ಬಿಳಿಯ ಮೇಲೆ 999999 ಎಂಬ ಬಣ್ಣಸಂಕೇತದ ತಿಳಿ ಬೂದು, ನೋಡಲು ಸೊಗಸು. ಅಳೆದರೆ 2.85:1. ಬೂದುಗಳಲ್ಲಿ 767676 ಎಂಬುದು 4.54ಕ್ಕೆ ಬಂದು ಕೂದಲೆಳೆಯಲ್ಲಿ ತೇರ್ಗಡೆ, ಅದಕ್ಕಿಂತ ಒಂದೇ ಮೆಟ್ಟಿಲು ತಿಳಿಯಾದ 777777 ಫೇಲು. ನಾನು 595959ಕ್ಕೆ ಹೋದೆ, ಅದು 7ನ್ನು ಮುಟ್ಟುತ್ತದೆ. ಪುಟ ಕಪ್ಪಗಾಯಿತು ಎಂದು ವಿನ್ಯಾಸ ನೋಡುವವರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಕನ್ನಡ ಕೈಪಿಡಿ

ನಿಜವಾದ ತಿಣುಕಾಟ ಇನ್ನೂ ಉಳಿದಿತ್ತು. ಸಂಘಗಳ ಸಿಬ್ಬಂದಿಗೆಂದು ಬರೆದ ಕನ್ನಡ ಕೈಪಿಡಿಯನ್ನು ಆಕೆ ಒಂದು ದಿನ ತೆರೆದರು, ಬಡ್ಡಿ ಲೆಕ್ಕದ ನಿಯಮ ನೋಡಲು. ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ದನಿಗೆ ಕನ್ನಡ ಬರುತ್ತದೆ, ಕೊಂಚ ಯಂತ್ರದ ಕನ್ನಡವಾದರೂ ಅರ್ಥವಾಗುತ್ತದೆ. ಆದರೆ ಶೀರ್ಷಿಕೆಯಲ್ಲಿನ "ಕನ್ನಡ" ಎಂಬ ಪದಕ್ಕೆ ಅದು ಓದಿದ್ದು ಪಿ, ಎ, ಪೌಂಡ್, ಎ… ಕೊನೆಗೆ ಕ್ಯು, ಎ. ಆಕೆಗೆ ನಗು, ನನಗೆ ಗಾಬರಿ.

ಕೈಪಿಡಿ ಹಳೆಯ ನುಡಿ ಫಾಂಟಿನಲ್ಲಿತ್ತು. ಕನ್ನಡದ ಪ್ರೋಗ್ರಾಮರುಗಳಿಗೆ ಇದು ಗೊತ್ತಿರುವ ನೋವು: ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿಗೆ ಮುಂಚಿನ ಆ ಫಾಂಟುಗಳಲ್ಲಿ ಕಡತದೊಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಇಂಗ್ಲಿಷಿನ ಪಿ ಮತ್ತು ತಲೆಯ ಮೇಲೆ ಗೀಟಿರುವ ಎ ಸೇರಿದರೆ ಪರದೆಯ ಮೇಲೆ "ಕ" ಕಾಣುತ್ತದೆ, ಪೌಂಡಿನ ಗುರುತು "ನ"ದ ಅರ್ಧ. ನೋಡುವವರಿಗೆ ಅಚ್ಚುಕಟ್ಟಾದ ಕನ್ನಡ, ಕೇಳುವವರಿಗೆ ಗೊಂದಲ. ನಾವು ಈ ಕೈಪಿಡಿಯಲ್ಲಿ "ಬಡ್ಡಿ" ಎಂದು ಹುಡುಕಿದರೆ ಏನೂ ಸಿಗುತ್ತಿರಲಿಲ್ಲವಲ್ಲ, ಅದಕ್ಕೂ ಇದೇ ಕಾರಣ. ಆಗ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ಕಣ್ಣಾಡಿಸಿ ಹುಡುಕಿಕೊಳ್ಳುತ್ತಿದ್ದೆವು.

ಪರಿವರ್ತಕಗಳಿವೆ. 180 ಪುಟಗಳನ್ನು ಅದರಲ್ಲಿ ಹಾಯಿಸಿದೆವು. ಹೆಚ್ಚಿನದು ಸರಿಯಾಗಿಯೇ ಬಂತು. ಕೆಲವು ಕಡೆ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಿತು, ಇಂಗ್ಲಿಷಿನಲ್ಲಿದ್ದ ಆದೇಶಗಳೆಲ್ಲ ಅರ್ಥವಿಲ್ಲದ ಕನ್ನಡವಾದವು, ಏಕೆಂದರೆ ಯಾವುದು ಇಂಗ್ಲಿಷ್ ಯಾವುದು ನುಡಿ ಎಂಬುದು ಪರಿವರ್ತಕಕ್ಕೆ ತಿಳಿಯದು. ಮೂರು ವಾರ ಸಾಲು ಸಾಲಾಗಿ ತಿದ್ದಿದೆ. ಕೊನೆಯ ಸುತ್ತಿನ ಕರಡು ತಿದ್ದಿದ್ದು ಆಕೆಯ ಕಿವಿ. ನನ್ನ ಕಣ್ಣು ದಾಟಿಹೋದ ತಪ್ಪು ಒತ್ತಕ್ಷರಗಳೆಲ್ಲ ಅಲ್ಲಿ ಸಿಕ್ಕಿಬಿದ್ದವು. ಕೈಪಿಡಿಯನ್ನು ಪಿಡಿಎಫ್ ಬದಲು ವೆಬ್ ಪುಟಗಳಾಗಿ ಮಾಡಿ, ಕನ್ನಡದ ಭಾಗಕ್ಕೆ ಕನ್ನಡ, ಕೋಡಿನ ಭಾಗಕ್ಕೆ ಇಂಗ್ಲಿಷ್ ಎಂದು ಭಾಷೆಯ ಗುರುತು ಹಾಕಿದೆವು. ಗುರುತು ಇದ್ದರೆ ದನಿ ತಾನಾಗಿ ಭಾಷೆ ಬದಲಿಸುತ್ತದೆ, ಇಲ್ಲದಿದ್ದರೆ ಎಲ್ಲವನ್ನೂ ಒಂದೇ ನಾಲಿಗೆಯಲ್ಲಿ ಓದಲು ಹೋಗಿ ತೊದಲುತ್ತದೆ.

ಎಲ್ಲ ಸೇರಿ ನನ್ನ ಮೂರು ತಿಂಗಳ ಬಿಡುವಿನ ಸಮಯ, ಉಳಿದವರ ಕೆಲವು ದಿನಗಳು. ಹಣದ ಖರ್ಚೆಂದರೆ ಆ ಮಾನಿಟರ್ ಒಂದೇ, ಅದೂ ಬೇಡದ್ದು. ಹೊಸ ಸರ್ವರ್ ಹೊಂದಿಸಲು ಆಕೆ ಈಗ ಯಾರನ್ನೂ ಕೇಳುವುದಿಲ್ಲ. ಸಂಜೆ ಬೆಳಕಿರುವಾಗಲೇ ಹೊರಡುತ್ತಾರೆ, ಬೆಳಗ್ಗೆ ಎಂಟಕ್ಕೆ ಬರುತ್ತಾರೆ. ನೀರಿನ ಕ್ಯಾನ್ ಒಳಗಿನ ಕೋಣೆಗೆ ಹೋಗಿದೆ.

ಸರಿಹೋಗದ್ದೂ ಇದೆ. ಬಿಳಿ ಹಲಗೆಯ ಮುಂದೆ ನಿಂತರೆ ನಾವೆಲ್ಲ ಮರೆತು "ಇದು ಇಲ್ಲಿಂದ ಅಲ್ಲಿಗೆ ಹೋಗುತ್ತದೆ" ಎಂದು ಬೆರಳು ಆಡಿಸುತ್ತೇವೆ. ಆಕೆ ಕೆಮ್ಮುತ್ತಾರೆ, ಆಗ ಹೆಸರು ಹಿಡಿದು ಹೇಳುತ್ತೇವೆ. ಹೊರಗಿನ ಒಂದು ಸಂಸ್ಥೆಯಿಂದ ಕೊಂಡ ವರದಿ ತಂತ್ರಾಂಶದ್ದು ಇನ್ನೂ ಕಷ್ಟ. ಅದರ ಮೇಲಿನ ಪಟ್ಟಿಯಲ್ಲಿ ಹೆಸರಿಲ್ಲದ ಚಿಹ್ನೆಗಳಷ್ಟೇ ಇವೆ, ಸ್ಕ್ರೀನ್ ರೀಡರ್ ಅಲ್ಲಿ "ಬಟನ್, ಬಟನ್, ಬಟನ್" ಎನ್ನುತ್ತದೆ. ಒಂದೊಂದಕ್ಕೂ ಒಂದು ಹೆಸರು ಕೊಡಿ ಎಂದು ಮೂರು ಸಲ ಬರೆದೆವು. ಗಮನಿಸುತ್ತೇವೆ ಎಂದು ಮೂರು ಸಲ ಉತ್ತರ ಬಂತು. ತಿಂಗಳ ಕೊನೆಯ ವರದಿ ಇಳಿಸಿಕೊಳ್ಳಲು ಎಡದಿಂದ ಏಳನೆಯ ಬಟನ್ ಎಂದು ಆಕೆ ಎಣಿಸಿ ನೆನಪಿಟ್ಟುಕೊಂಡಿದ್ದರು. ಹೋದ ತಿಂಗಳ ಹೊಸ ಆವೃತ್ತಿಯಲ್ಲಿ ಅದು ಒಂಬತ್ತನೆಯದಾಗಿದೆ.